ಮೂರು ಸಾಲಿನ ವಂದನೆ: ಹೈಕು, ತ್ರಿಪದಿ ಮತ್ತು ನಮ್ಮ ಗಡಿನೆಲ

ಹೈಕು ಎಂಬ ಜಪಾನೀ ಕಿರುಗವಿತೆಯ ಹೆಸರು ಇಂದು ನಮ್ಮ ಉಪಾಧ್ಯಾಯ ಬಂಧುಗಳಿಗೆ ಅಪರಿಚಿತವೇನೂ ಅಲ್ಲ. ಮೂರು ಸಾಲು, ಹದಿನೇಳು ಅಕ್ಷರ, ಒಂದು ಋತು, ಒಂದು ನೋಟ: ಇಷ್ಟನ್ನು ತಿಳಿಸಿ ಮಕ್ಕಳ ಕೈಯಲ್ಲಿ ಬರೆಯಿಸುವ ಪದ್ಧತಿ ಹಲವು ದೇಶಗಳ ಶಾಲೆಗಳಲ್ಲಿ ರೂಢವಾಗಿದೆ. ನಿಸರ್ಗದ ಎದುರಿಗೆ ನಿಂತು ಕೃತಜ್ಞತೆಯನ್ನು ಅನುಭವಿಸುವುದಕ್ಕೂ, ತಾನು ಈ ನೆಲಕ್ಕೆ ಸೇರಿದವನೆಂಬ ಭಾವವನ್ನು ಪಡೆಯುವುದಕ್ಕೂ ಹೈಕುವಿನ ರಚನೆ ಒಳ್ಳೆಯ ಸಾಧನವೆಂದು ಹೇಳುವವರುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜ? ನಿಜವಾದ ಪಕ್ಷಕ್ಕೆ ಆ ಗುಣ ಜಪಾನಿಗೆ ಮಾತ್ರ ಮೀಸಲಾದುದೇ, ಇಲ್ಲವೆ ನಮ್ಮ ಭಾಷೆಯಲ್ಲಿಯೂ ಅದಕ್ಕೆ ಬೇರುಗಳುಂಟೇ? ಗಡಿಯಲ್ಲಿ ಕುಳಿತು ಕನ್ನಡವನ್ನು ಕಲಿಸುವ ನಮಗೆ ಅದರಿಂದ ಆಗುವ ಪ್ರಯೋಜನವೇನು? ಈ ಮೂರು ಪ್ರಶ್ನೆಗಳನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನೆಲದ ಪರಿಚಯ

ಮೊದಲು ನಾವು ನಿಂತಿರುವ ನೆಲವನ್ನು ನೋಡೋಣ. ಬೆಂಗಳೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ಹೊಸೂರಿಗೆ ಅಂಟಿಕೊಂಡಂತೆ ಇರುವ ಊರು ಮೂಕಂಡಪಲ್ಲಿ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೆ ಸಮೀಪವಾದ ಎತ್ತರ, ರಾಗಿ, ಅವರೆ, ಹುರುಳಿ, ಹುಚ್ಚೆಳ್ಳುಗಳಿಗೆ ಹೊಂದಿದ ಕೆಂಪು ಮಣ್ಣು, ತಂಪಾದ ಗಾಳಿ. ಊರ ಹೆಸರುಗಳೇ ಇಲ್ಲಿಯ ಬಾಳಿನ ಸ್ವರೂಪವನ್ನು ಹೇಳುತ್ತವೆ. ಹೊಸೂರು ಎಂಬುದು ಹೊಸ ಊರೆಂಬ ಅಚ್ಚಗನ್ನಡದ ಹೆಸರು. ಮೂಕಂಡಪಲ್ಲಿಯ ಕೊನೆಯಲ್ಲಿರುವ 'ಪಲ್ಲಿ' ನಮ್ಮ ಹಳ್ಳಿಯ ತೆಲುಗು ರೂಪ. ಇವೆರಡೂ ಇರುವುದು ತಮಿಳು ರಾಜ್ಯದಲ್ಲಿ. ಮೂರು ಭಾಷೆಗಳು ಒಂದೇ ಸಂತೆಯಲ್ಲಿ ಬೆರೆಯುವ ಸೀಮೆಯಿದು.

ಗಂಗರೂ ನೊಳಂಬರೂ ಆಳಿದ ಈ ಪ್ರದೇಶದಲ್ಲಿ ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಯ್ಸಳ ರಾಮನಾಥನು ಕುಂದಾಣಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡಿದ್ದನು. ಮುಂದೆ ಮೈಸೂರಿನ ಅಧೀನದಲ್ಲಿದ್ದ ಹೊಸೂರು ಸೀಮೆ ೧೭೯೯ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಇಂಗ್ಲಿಷರ ವಶವಾಗಿ ಸೇಲಂ ಜಿಲ್ಲೆಗೆ ಸೇರಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಯೂ, ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಯೂ ಏರ್ಪಟ್ಟವು. ೨೦೧೯ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಎರಡು ಶತಮಾನಗಳಲ್ಲಿ ಆಳುವವರ ಹೆಸರೂ ಜಿಲ್ಲೆಯ ಹೆಸರೂ ರಾಜ್ಯದ ಹೆಸರೂ ಎಷ್ಟೋ ಬಾರಿ ಬದಲಾದವು. ಬದಲಾಗದೆ ಉಳಿದುವು ಮಣ್ಣು, ಮಳೆ, ಚಂದ್ರಚೂಡೇಶ್ವರನ ಬೆಟ್ಟ ಮತ್ತು ದಕ್ಷಿಣ ಪಿನಾಕಿನಿ.

ಆದರೆ ಕಳೆದ ಐವತ್ತು ವರ್ಷಗಳಲ್ಲಿ ಈ ಮಾತನ್ನೂ ಸ್ವಲ್ಪ ತಿದ್ದಿಕೊಳ್ಳಬೇಕಾಗಿ ಬಂದಿದೆ. ೧೯೭೧ರಲ್ಲಿ ಸ್ಥಾಪಿತವಾದ ಸಿಪ್ಕಾಟ್ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶವನ್ನು ನಿರ್ಮಿಸಿತು. ಗಡಿಯಾರ, ಲಾರಿ, ಮೋಟಾರು ಸೈಕಲ್ಲುಗಳ ಕಾರ್ಖಾನೆಗಳು ಬಂದವು. ಮೂಕಂಡಪಲ್ಲಿ ಈ ಕೈಗಾರಿಕಾ ಪ್ರದೇಶದ ಮಗ್ಗುಲಿಗೇ ಬಿತ್ತು. ಹೊಲವಿದ್ದಲ್ಲಿ ಗೋಡೆ ಎದ್ದಿತು, ಕಣವಿದ್ದಲ್ಲಿ ಬಡಾವಣೆ ಬೆಳೆಯಿತು. ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟ ಈ ಬದಲಾವಣೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಇದರಿಂದ ಭಾಷೆಗೆ ಆದ ನಷ್ಟವೊಂದುಂಟು. ರೋಣಗಲ್ಲು ಉರುಳುವುದು ನಿಂತರೆ ರೋಣಗಲ್ಲು ಎಂಬ ಶಬ್ದ ನಿಲ್ಲುತ್ತದೆ. ಅಕ್ಕಡಿ ಸಾಲು ಹೋದರೆ ಅಕ್ಕಡಿ ಎಂಬ ಮಾತು ಹೋಗುತ್ತದೆ. ಶಾಲೆಯ ಪುಸ್ತಕದಲ್ಲಿ ದೊರೆಯದ ಈ ಶಬ್ದಗಳು ಮನೆಯಲ್ಲಿಯೂ ದೊರೆಯದೆ ಹೋದರೆ ಮಗುವಿಗೆ ತನ್ನ ನೆಲವನ್ನು ಹೆಸರಿಟ್ಟು ಕರೆಯುವ ಬಗೆಯೇ ತಪ್ಪುತ್ತದೆ. ಹೈಕುವಿನ ವಿಚಾರ ನಮಗೆ ಮುಖ್ಯವಾಗುವುದು ಈ ಕಾರಣದಿಂದ.

ಹೈಕುವಿನ ಹುಟ್ಟು

ಹೈಕು ಮೊದಲು ಸ್ವತಂತ್ರ ಕವಿತೆಯಾಗಿರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಜಪಾನಿನಲ್ಲಿ ಹಲವರು ಕವಿಗಳು ಒಂದೆಡೆ ಕುಳಿತು, ಒಬ್ಬರಾದ ಮೇಲೊಬ್ಬರು ಪದ್ಯ ಹೇಳಿ ಸರಪಳಿಯಂತೆ ಹೆಣೆಯುತ್ತಿದ್ದ 'ರೆಂಗ' ಎಂಬ ಗೋಷ್ಠಿಕಾವ್ಯವಿತ್ತು. ಅದರ ಮೊದಲ ಪದ್ಯಕ್ಕೆ 'ಹೊಕ್ಕು' ಎಂದು ಹೆಸರು. ಐದು, ಏಳು, ಐದು ಮಾತ್ರೆಗಳಂತೆ ಹದಿನೇಳು ಮಾತ್ರೆ. ಗೋಷ್ಠಿ ನಡೆಯುವ ಋತುವನ್ನು ಸೂಚಿಸುವ ಒಂದು ಶಬ್ದ. ನಡುವೆ ಅರ್ಥವನ್ನು ಕತ್ತರಿಸಿ ನಿಲ್ಲಿಸುವ ಒಂದು ನಿಪಾತ: ಇವು ಹೊಕ್ಕುವಿನ ಲಕ್ಷಣಗಳು. ಅದನ್ನು ಹೇಳುವ ಗೌರವ ಸಾಮಾನ್ಯವಾಗಿ ಮುಖ್ಯ ಅತಿಥಿಗೆ ಸೇರಿದುದು. ಎರಡನೆಯ ಪದ್ಯವನ್ನು ಮನೆಯ ಯಜಮಾನನು ಹೇಳುವನು. ಅತಿಥಿ ತನ್ನ ಪದ್ಯದಲ್ಲಿ ಆ ದಿನದ ಋತುವನ್ನೂ ಆ ಮನೆಯನ್ನೂ ಅಭಿನಂದಿಸುವನು. ಯಜಮಾನನು ಪ್ರತಿವಂದನೆ ಮಾಡುವನು. ಎಂದರೆ ಹೈಕುವಿನ ಮೂಲದಲ್ಲಿಯೇ ವಂದನೆ ಇದೆ. ಅತಿಥಿಯ ಕೃತಜ್ಞತೆಯಿಂದ ಹುಟ್ಟಿದ ಪದ್ಯವದು. ಹೈಕುವಿನಿಂದ ಕೃತಜ್ಞತೆ ಬೆಳೆಯುತ್ತದೆಂಬ ಮಾತಿಗೆ ಚರಿತ್ರೆ ಒದಗಿಸುವ ಆಧಾರ ಇದು.

ಈ ಕಿರುಪದ್ಯಕ್ಕೆ ಗಾಂಭೀರ್ಯವನ್ನು ತಂದುಕೊಟ್ಟವನು ಬಶೋ (೧೬೪೪–೧೬೯೪). ೧೬೮೯ರಲ್ಲಿ ಅವನು ಎದೋ ನಗರವನ್ನು ಬಿಟ್ಟು ಉತ್ತರದ ಒಳನಾಡಿನಲ್ಲಿ ಬಹುದೂರ ನಡೆದನು. ಆ ಯಾತ್ರೆಯ ಗ್ರಂಥ ಅವನ ಮರಣಾನಂತರ ೧೭೦೨ರಲ್ಲಿ ಪ್ರಕಟವಾಯಿತು. ದಾರಿಯಲ್ಲಿ ಸುಕಗಾವ ಎಂಬ ಊರಿನಲ್ಲಿ ಕವಿಮಿತ್ರನ ಮನೆಯಲ್ಲಿ ತಂಗಿದಾಗ, ಬರುವ ದಾರಿಯಲ್ಲಿ ಏನನ್ನು ರಚಿಸಿದೆಯೆಂದು ಯಜಮಾನನು ಕೇಳಿದನು. ಬಶೋ ಹೇಳಿದ ಹೊಕ್ಕುವಿನ ವಸ್ತು ಯಾವುದು? ಆ ಒಳನಾಡಿನ ಹೆಂಗಸರು ಗದ್ದೆಯಲ್ಲಿ ನಾಟಿ ಮಾಡುತ್ತ ಹಾಡುವ ಹಾಡು. ಕಾವ್ಯರಸಿಕತೆಯ ಮೊದಲು ಅಲ್ಲಿದೆ ಎಂಬುದು ಅವನ ಭಾವ. ದೇಶದಲ್ಲೆಲ್ಲ ಮಾನ್ಯನಾದ ಕವಿಯೊಬ್ಬನು ಕಾವ್ಯದ ಮೂಲವನ್ನು ಕೆಲಸದ ಹಾಡಿನಲ್ಲಿ ಕಂಡು ತಲೆಬಾಗಿದ ಈ ಸಂದರ್ಭವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ಬೀಸುವ ಕಲ್ಲಿನ ಹಾಡಿಗೆ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಬಶೋವಿನ ತರುವಾಯ ಬಂದ ಬುಸೋನ್ (೧೭೧೬–೧೭೮೪) ಚಿತ್ರಕಾರನೂ ಆಗಿದ್ದುದರಿಂದ ಅವನ ಪದ್ಯಗಳಲ್ಲಿ ಬಣ್ಣವೂ ರೇಖೆಯೂ ಪ್ರಧಾನ. ಇಸ್ಸ (೧೭೬೩–೧೮೨೮) ಬಡತನದಲ್ಲಿ ಬಾಳಿದವನು. ಮೂರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡನು. ಮುಂದೆ ತನ್ನ ಎಳೆಯ ಮಕ್ಕಳನ್ನೂ ಒಬ್ಬೊಬ್ಬರಾಗಿ ಕಳೆದುಕೊಂಡನು. ಅಂಥವನು ನೊಣವನ್ನೂ ಕಪ್ಪೆಯನ್ನೂ ಬಸವನಹುಳುವನ್ನೂ ಒಡಹುಟ್ಟಿದವರಂತೆ ಮಾತನಾಡಿಸಿದನು. 'ಹೈಕು' ಎಂಬ ಹೆಸರನ್ನು ನೆಲೆಗೊಳಿಸಿ ಅದನ್ನು ಗೋಷ್ಠಿಕಾವ್ಯದಿಂದ ಬೇರ್ಪಡಿಸಿ ಸ್ವತಂತ್ರ ಕವಿತೆಯಾಗಿ ನಿಲ್ಲಿಸಿದವನು ಶಿಕಿ (೧೮೬೭–೧೯೦೨). ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದು, ಮಲಗಿದಲ್ಲಿಂದಲೇ ಮನೆಯ ಪುಟ್ಟ ತೋಟವನ್ನು ನೋಡುತ್ತ ಬರೆದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಇವರ ಜೀವನವನ್ನು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೈಕುವಿನ ಕೃತಜ್ಞತೆ ಸುಖವಾಗಿದ್ದವರ ವಿನೋದವಲ್ಲ. ಕಳೆದುಕೊಂಡವನು ಉಳಿದುದನ್ನು ಕಣ್ಣಿಟ್ಟು ನೋಡುವಾಗ ಹುಟ್ಟುವ ಕೃತಜ್ಞತೆ ಅದು.

ಭಾರತಕ್ಕೆ ಬಂದ ಬಗೆ

ಹೈಕುವಿನ ಪರಿಚಯ ಭಾರತೀಯ ಭಾಷೆಗಳಿಗೆ ಆದುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ಈ ವಿಷಯದಲ್ಲಿ ೧೯೧೬ ಒಂದು ಮುಖ್ಯ ವರ್ಷ. ಆ ವರ್ಷ ರವೀಂದ್ರನಾಥ ಠಾಕೂರರು ಜಪಾನಿಗೆ ಹಡಗಿನಲ್ಲಿ ಪ್ರಯಾಣ ಮಾಡಿದರು. ೧೯೧೯ರಲ್ಲಿ ಪುಸ್ತಕವಾಗಿ ಬಂದ ತಮ್ಮ ಪ್ರವಾಸಕಥನದಲ್ಲಿ ಬಶೋವಿನ ಕಿರುಪದ್ಯಗಳನ್ನು ಬಂಗಾಳಿಗೆ ತಂದು, ಅಲ್ಪ ಮಾತಿನಲ್ಲಿ ತೃಪ್ತಿಪಡುವ ಜಪಾನೀ ಮನೋಧರ್ಮವನ್ನು ಕೊಂಡಾಡಿದರು. ಅದೇ ೧೯೧೬ರ ಅಕ್ಟೋಬರಿನಲ್ಲಿ, ಪಾಂಡಿಚೇರಿಯಲ್ಲಿ ವಾಸವಾಗಿದ್ದ ಸುಬ್ರಹ್ಮಣ್ಯ ಭಾರತಿಯವರು ಮದರಾಸಿನ 'ಸ್ವದೇಶಮಿತ್ರನ್' ಪತ್ರಿಕೆಯಲ್ಲಿ ಜಪಾನೀ ಕವಿತೆಯನ್ನು ಕುರಿತು ಒಂದು ಲೇಖನ ಬರೆದರು. ಕಲ್ಕತ್ತೆಯ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ ಯೋನೆ ನೊಗುಚಿ ಎಂಬ ಜಪಾನೀ ಕವಿ ಬರೆದುದನ್ನು ಓದಿ ಹುಟ್ಟಿದ ಲೇಖನ ಅದು. ಒಂದೇ ವರ್ಷದಲ್ಲಿ ಬಂಗಾಳಿಯ ಮಹಾಕವಿಗೂ ತಮಿಳಿನ ಮಹಾಕವಿಗೂ ಈ ಕಿರುಪದ್ಯದ ಕಡೆ ಮನಸ್ಸು ಹರಿದುದು ವಿಶೇಷ. ಮುಂದೆ ಗುಜರಾತಿಯಲ್ಲಿ 'ಸ್ನೇಹರಶ್ಮಿ' ಎಂಬ ಹೆಸರಿನಿಂದ ಪ್ರಸಿದ್ಧರಾದ ಝೀಣಾಭಾಈ ದೇಸಾಯಿಯವರು ಹೈಕುವನ್ನು ನೆಲೆಗೊಳಿಸಿದರು. ಅವರ ಹೈಕು ಸಂಗ್ರಹ ೧೯೬೭ರಲ್ಲಿ ಪ್ರಕಟವಾಯಿತು. ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಹೈಕು ಬರೆಯುವವರು ಆಮೇಲೆ ಹೆಚ್ಚಿದರು.

ಕನ್ನಡದಲ್ಲಿ ಇದರ ಜೊತೆಗೇ ಚುಟುಕ, ಹನಿಗವನಗಳೂ ಬೆಳೆದವು. ದಿನಕರ ದೇಸಾಯಿಯವರ (೧೯೦೯–೧೯೮೨) ಚೌಪದಿಗಳು ಮನೆಮಾತಾದವು. ಡುಂಡಿರಾಜರ ಹನಿಗವನಗಳನ್ನು ಓದದ ಕನ್ನಡಿಗರು ವಿರಳ. ಆದರೆ ಇವುಗಳನ್ನು ಹೈಕು ಎಂದು ಕರೆಯುವುದು ಸರಿಯಾಗಲಾರದು. ಮನುಷ್ಯರ ಡಂಭ, ಲೋಭ, ಪೇಚಾಟಗಳನ್ನು ಚುಚ್ಚಿ ನಗಿಸುವುದು ಇವುಗಳ ಮುಖ್ಯ ಧರ್ಮ. ಜಪಾನಿನಲ್ಲಿಯೂ ಹೈಕುವಿನ ಅಳತೆಯಲ್ಲಿಯೇ ಇಂಥ ಹಾಸ್ಯವನ್ನು ಹೇಳುವ 'ಸೆನ್ರ್ಯು' ಎಂಬ ಬೇರೊಂದು ಪ್ರಕಾರವಿದೆ. ಹದಿನೆಂಟನೆಯ ಶತಮಾನದ ಕರಾಯ್ ಸೆನ್ರ್ಯು ಎಂಬವನಿಂದ ಅದಕ್ಕೆ ಆ ಹೆಸರು ಬಂದಿತು. ನಮ್ಮ ಚುಟುಕಕ್ಕೆ ನೆಂಟಸ್ತಿಕೆ ಇರುವುದು ಸೆನ್ರ್ಯುವಿನೊಡನೆ. ಹಾಗಾದರೆ ಹೈಕುವಿಗೆ ಸಮೀಪವಾದುದು ಕನ್ನಡದಲ್ಲಿ ಯಾವುದು? ತ್ರಿಪದಿ, ಅದರಲ್ಲಿಯೂ ಹೆಣ್ಣುಮಕ್ಕಳ ತ್ರಿಪದಿ, ಎಂಬುದು ನಮ್ಮ ಅಭಿಪ್ರಾಯ.

ಕನ್ನಡದ ಮೂರು ಸಾಲು

ತ್ರಿಪದಿಯ ಪ್ರಾಚೀನತೆಗೆ ಕಲ್ಲಿನ ಸಾಕ್ಷಿ ಇದೆ. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ಕ್ರಿ. ಶ. ೭೦೦ರ ಸುಮಾರಿನದು. ಅದರಲ್ಲಿ ಮೂರು ತ್ರಿಪದಿಗಳಿವೆ. ಸಾಧುವಿಗೆ ಸಾಧುವಾಗಿಯೂ ಕೇಡಿಗೆ ಕಲಿಯಾಗಿಯೂ ನಿಂತ ವೀರನೊಬ್ಬನ ಗುಣವನ್ನು ಅವು ಹೇಳುತ್ತವೆ. ಕನ್ನಡ ಕಾವ್ಯವೆಂದು ನಮಗೆ ದೊರೆತಿರುವ ಅತಿ ಪ್ರಾಚೀನ ಪದ್ಯಗಳಲ್ಲಿ ಇವು ಸೇರಿವೆ. ಆಗಲೇ ಇಷ್ಟು ಪಳಗಿದ ರೂಪದಲ್ಲಿ ಕಾಣುವ ಛಂದಸ್ಸು ಅದಕ್ಕಿಂತ ಎಷ್ಟೋ ಹಿಂದಿನಿಂದ ಜನರ ಬಾಯಲ್ಲಿ ಆಡುತ್ತಿದ್ದಿರಬೇಕು. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು 'ಛಂದೋಂಬುಧಿ'ಯಲ್ಲಿ ಇದನ್ನು ಕನ್ನಡಕ್ಕೇ ವಿಶಿಷ್ಟವಾದ ಜಾತಿಗಳ ಸಾಲಿನಲ್ಲಿ ಸೇರಿಸಿ ಲಕ್ಷಣ ಹೇಳಿದನು. ಒಟ್ಟು ಹನ್ನೊಂದು ಅಂಶಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದುವು ವಿಷ್ಣುಗಣ. ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು ಗಣ, ಕೊನೆಯ ಸಾಲಿನಲ್ಲಿ ಮೂರೇ ಗಣ. ಕೊನೆಯ ಸಾಲು ಗಿಡ್ಡವಾಗಿರುವುದೇ ತ್ರಿಪದಿಯ ಶಕ್ತಿ. ಎರಡು ಸಾಲಿನಲ್ಲಿ ಹಬ್ಬಿದ ಮಾತು ಮೂರನೆಯದರಲ್ಲಿ ತಟ್ಟನೆ ನಿಲ್ಲುತ್ತದೆ.

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಹೆಸರಿನಲ್ಲಿ 'ಯೋಗಾಂಗ ತ್ರಿವಿಧಿ' ಪ್ರಸಿದ್ಧವಾಗಿದೆ. ಸರ್ವಜ್ಞನು ತ್ರಿಪದಿಯನ್ನು ಲೋಕನೀತಿಯ ವಾಹನವನ್ನಾಗಿ ಮಾಡಿದನು. ಊರೂರಿನಲ್ಲಿ ಚದುರಿದ್ದ ಅವನ ವಚನಗಳನ್ನು ಉತ್ತಂಗಿ ಚನ್ನಪ್ಪನವರು ಬಹು ಶ್ರಮದಿಂದ ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಆದರೆ ತ್ರಿಪದಿಯನ್ನು ಹನ್ನೆರಡು ಹದಿಮೂರು ಶತಮಾನಗಳ ಕಾಲ ಬದುಕಿಸಿಟ್ಟವರು ಶಾಸನ ಬರೆದವರಲ್ಲ, ಶಾಸ್ತ್ರ ಬರೆದವರೂ ಅಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದಾಗ, ವಿದ್ವಾಂಸರು ಅಲ್ಲಿಯವರೆಗೆ ಕಿವಿಗೊಡದಿದ್ದ ಒಂದು ದೊಡ್ಡ ಕಾವ್ಯಭಾಂಡಾರದ ಬಾಗಿಲು ತೆರೆಯಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಆ ಗೆಳೆಯರ ಬಳಗದವರು. ಬೇಂದ್ರೆಯವರ ಕಾವ್ಯದ ಮೇಲೂ ಈ ಹಾಡುಗಳ ನಾದದ ಪ್ರಭಾವ ಉಂಟೆಂಬುದು ಎಲ್ಲರೂ ಬಲ್ಲ ವಿಷಯ.

ಈಗ ಈ ಹಾಡುಗಳ ವಸ್ತುವನ್ನು ನೋಡೋಣ. ಬೆಳಗ್ಗೆ ಎದ್ದೊಡನೆ ಯಾರನ್ನು ನೆನೆಯಬೇಕೆಂದು ಹಾಡುವವಳು ತನ್ನನ್ನೇ ಕೇಳಿಕೊಂಡು, ಬೆಳೆಯನ್ನು ಕೊಡುವ ಭೂಮಿತಾಯಿಯನ್ನು ನೆನೆಯುವ ತ್ರಿಪದಿ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ನಮ್ಮ ದಕ್ಷಿಣದ ರಾಗಿ ಸೀಮೆಗಳಲ್ಲಿ ಬೀಸುವ ಪದ ಆರಂಭವಾಗುವುದು ಕಲ್ಲಿಗೆ ಕೈಮುಗಿಯುವುದರಿಂದ. ರಾಗಿ ಮುಗಿದು ಕಲ್ಲು ಬಿಡುವಾಗಲೂ ಅದಕ್ಕೊಂದು ಪದವುಂಟು; ಕೆಲಸ ಮಾಡಿಕೊಟ್ಟ ಕಲ್ಲನ್ನು ಹರಸಿ, ಅದಕ್ಕೆ ಶರಣು ಹೇಳಿ ಏಳುತ್ತಾರೆ. ಧಾನ್ಯಕ್ಕೆ ವಂದನೆ, ಕಲ್ಲಿಗೆ ವಂದನೆ, ಮಣ್ಣಿಗೆ ವಂದನೆ. ಇದನ್ನು ಕೃತಜ್ಞತೆಯ ಕಾವ್ಯವೆಂದಲ್ಲದೆ ಬೇರೇನೆಂದು ಕರೆಯಬೇಕು? ಉತ್ತರದ ಗದ್ದೆಯಲ್ಲಿ ನಾಟಿಯ ಹಾಡನ್ನು ಕೇಳಿ ಕಾವ್ಯದ ಮೊದಲು ಇಲ್ಲಿದೆ ಎಂದುಕೊಂಡ ಬಶೋ ನಮ್ಮ ನಾಡಿನಲ್ಲಿ ನಡೆದಿದ್ದರೆ ಬೆಳಗಿನ ಜಾವದ ರಾಗಿಕಲ್ಲಿನ ಮುಂದೆಯೂ ಅದೇ ಮಾತನ್ನು ಆಡಿಯಾನು.

ಹೋಲಿಕೆಯೂ ಭೇದವೂ

ಇಷ್ಟು ಹೇಳಿದ ಮಾತ್ರಕ್ಕೆ ಹೈಕುವೂ ತ್ರಿಪದಿಯೂ ಒಂದೇ ಎಂದು ಯಾರೂ ಭಾವಿಸಬಾರದು. ಎರಡಕ್ಕೂ ಯಾವ ಚಾರಿತ್ರಿಕ ಸಂಬಂಧವೂ ಇಲ್ಲ. ತ್ರಿಪದಿ ಹಾಡು, ಹೈಕು ಓದಿ ಸುಮ್ಮನಾಗುವ ಪದ್ಯ. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೆ ಎತ್ತಿಕೊಂಡು ಮೂರನೆಯ ಸಾಲಿಗೆ ಹೋಗುವುದುಂಟು. ಹೈಕುವಿನಲ್ಲಿ ಪುನರುಕ್ತಿಗೆ ಸ್ಥಳವಿಲ್ಲ. ತ್ರಿಪದಿಯಲ್ಲಿ ತವರು, ಅಣ್ಣ, ಹಡೆದವ್ವ, ತೊಟ್ಟಿಲ ಕೂಸು ಎಲ್ಲರೂ ಬರುತ್ತಾರೆ. ಹೈಕುವಿನಲ್ಲಿ ಮನುಷ್ಯನು ಬಹುಮಟ್ಟಿಗೆ ಹಿಂದೆ ಸರಿದು ನಿಲ್ಲುತ್ತಾನೆ. ತ್ರಿಪದಿ ವಂದನೆಯನ್ನು ಬಾಯಿಬಿಟ್ಟು ಹೇಳುತ್ತದೆ. ಹೈಕು ವಸ್ತುವನ್ನು ತೋರಿಸಿ ವಂದನೆಯನ್ನು ಓದುವವನಿಗೆ ಬಿಡುತ್ತದೆ. ಆದುದರಿಂದ ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಎರಡನ್ನೂ ಬಲ್ಲ ಮಗುವಿಗೆ ಎರಡು ಕಣ್ಣು ಬಂದಂತೆ.

ಅಳತೆಯ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೈಕುವಿಗೆ ಹದಿನೇಳು ಅಕ್ಷರವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಜಪಾನೀಯರು ಎಣಿಸುವುದು ನಮ್ಮ ಅಕ್ಷರವನ್ನಲ್ಲ. ಅದು ನಮ್ಮ ಮಾತ್ರೆಗೆ ಹೆಚ್ಚು ಹತ್ತಿರ. ದೀರ್ಘಸ್ವರಕ್ಕೆ ಅವರೂ ಎರಡು ಎಣಿಸುತ್ತಾರೆ. ದ್ವಿತ್ವದ ಅರ್ಧ ವ್ಯಂಜನಕ್ಕೆ ಒಂದು ಎಣಿಸುತ್ತಾರೆ. 'ಹೊಕ್ಕು' ಎಂಬುದು ಅವರ ಎಣಿಕೆಯಲ್ಲಿ ಮೂರು. ನಮ್ಮ ಎಣಿಕೆಯಲ್ಲಿಯೂ ಒತ್ತಕ್ಷರದ ಹಿಂದಿನ 'ಹೊ' ಗುರುವಾಗಿ ಎರಡು, 'ಕ್ಕು' ಲಘುವಾಗಿ ಒಂದು, ಒಟ್ಟು ಮೂರು. 'ಹೈಕು' ಅವರಿಗೂ ಮೂರು, ನಮಗೂ ಮೂರು. 'ಟೋಕ್ಯೋ' ಅವರಿಗೂ ನಾಲ್ಕು, ನಮಗೂ ನಾಲ್ಕು. ಲಘು ಗುರುಗಳನ್ನು ಪ್ರಸ್ತಾರ ಹಾಕಿ ಕಲಿತ ಕನ್ನಡ ವಿದ್ಯಾರ್ಥಿಗೆ ಹೈಕುವಿನ ಅಳತೆ ಇಂಗ್ಲಿಷ್ ವಿದ್ಯಾರ್ಥಿಗಿಂತ ಸುಲಭವಾಗಿ ತಿಳಿಯುತ್ತದೆ. ಉದಾಹರಣೆಗಾಗಿ, ಕಾವ್ಯಗುಣಕ್ಕಾಗಿ ಅಲ್ಲದೆ ಕೇವಲ ಲೆಕ್ಕಕ್ಕಾಗಿ, ಮೂರು ಸಾಲು ಇಲ್ಲಿ ಕೊಟ್ಟಿದೆ:

ರಾಗಿತೆನೆ
ತುದಿಯೊಳಿಬ್ಬನಿ
ಅಗೊ ಬೆಳಕು

ಐದು, ಏಳು, ಐದು ಮಾತ್ರೆ. ಋತು ಯಾವುದೆಂದು ಹೇಳಿಲ್ಲ. ಆದರೆ ರಾಗಿಯ ತೆನೆ ಬಲಿತು ಇಬ್ಬನಿ ಬೀಳುವ ಕಾಲ ಯಾವುದೆಂದು ನಮ್ಮ ಸೀಮೆಯ ಯಾವ ರೈತನೂ ಹೇಳಬಲ್ಲ. ಇಷ್ಟು ಬಿಗಿಯಾದ ಅಳತೆಯಲ್ಲಿ ಕನ್ನಡದ ನಾಲ್ಕೈದು ಶಬ್ದಗಳಿಗೆ ಮಾತ್ರ ಅವಕಾಶ. ಮಕ್ಕಳಿಗೆ ಇದು ಕಷ್ಟವೆನಿಸಿದರೆ ಅಳತೆಯನ್ನು ಸಡಿಲಿಸಬಹುದು; ನೋಟವನ್ನು ಸಡಿಲಿಸಬಾರದು.

ಮಳೆನಕ್ಷತ್ರವೆಂಬ ಋತುಕೋಶ

ಹೈಕುವಿನ ಜೀವವಿರುವುದು ಋತುವಾಚಕ ಶಬ್ದದಲ್ಲಿ. ಜಪಾನಿನಲ್ಲಿ ಇಂಥ ಶಬ್ದಗಳನ್ನು ಸಂಗ್ರಹಿಸಿದ ಕೋಶಗಳೇ ಇವೆ. ಆಕಾಶ, ಭೂಮಿ, ಜನಜೀವನ, ಹಬ್ಬ, ಪ್ರಾಣಿ, ಸಸ್ಯ ಎಂದು ಭಾಗ ಮಾಡಿ ಪ್ರತಿ ಋತುವಿಗೂ ಸಾವಿರಾರು ಶಬ್ದಗಳನ್ನು ಅಲ್ಲಿ ಕೊಟ್ಟಿರುತ್ತಾರೆ. ನಮ್ಮಲ್ಲಿ ಅಂಥದೇನೂ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ನಮ್ಮ ರೈತರ ಬಾಯಲ್ಲಿರುವ ಮಳೆನಕ್ಷತ್ರಗಳ ಪದ್ಧತಿಯನ್ನು ಅವರು ಮರೆತಿದ್ದಾರೆ.

ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನು. ಆ ದಿನಗಳಲ್ಲಿ ಬರುವ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ತಿಂಗಳಲ್ಲಿ ಕೃತ್ತಿಕೆ, ಅದರ ಕೊನೆಗೆ ರೋಹಿಣಿ, ಜೂನಿನಲ್ಲಿ ಮೃಗಶಿರೆ, ಆರಿದ್ರೆ, ಜುಲೈಯಲ್ಲಿ ಪುನರ್ವಸು, ಪುಷ್ಯ, ಆಗಸ್ಟಿನಲ್ಲಿ ಆಶ್ಲೇಷೆ, ಮಘೆ, ಆಮೇಲೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಒಂದೊಂದಕ್ಕೂ ಒಂದೊಂದು ಸ್ವಭಾವ, ಒಂದೊಂದು ಕೆಲಸ, ಒಂದೊಂದು ಗಾದೆ. ಭರಣಿಗೆ ಧರಣಿಯನ್ನು ಪ್ರಾಸವಾಗಿ ಜೋಡಿಸಿದ ಗಾದೆ ಯಾರಿಗೆ ಗೊತ್ತಿಲ್ಲ? ಹದವಾದ ಮಳೆ, ಜಡಿಮಳೆ, ತುಂತುರು, ಸೋನೆ, ಬಿರುಮಳೆ, ಆಲಿಕಲ್ಲು ಎಂದು ಮಳೆಯ ಬಗೆಗಳಿಗೂ ಬೇರೆ ಬೇರೆ ಹೆಸರು. ಉಳುಮೆ, ಬಿತ್ತನೆ, ಕುಂಟೆ ಹೊಡೆಯುವುದು, ಕಳೆ, ಕೊಯ್ಲು, ಮೆದೆ, ಕಣ, ತೂರುವುದು, ಸುಗ್ಗಿ ಎಂದು ಕೆಲಸಗಳಿಗೂ ಒಂದು ಕ್ರಮ. ರಾಗಿಯ ಮಧ್ಯೆ ಅಕ್ಕಡಿಯಾಗಿ ಅವರೆ, ಹುಚ್ಚೆಳ್ಳು. ಹುಚ್ಚೆಳ್ಳಿನ ಹಳದಿ ಹೂವು, ಚಳಿಗಾಲದ ಸೊಗಡಿನ ಅವರೆಕಾಯಿ. ಇವೆಲ್ಲವೂ ನಮ್ಮ ಋತುಕೋಶದ ಶಬ್ದಗಳೇ. ಬರೆದಿಟ್ಟಿಲ್ಲ, ಅಷ್ಟೆ.

ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ಈ ನಕ್ಷತ್ರಗಳ ಹೆಸರು ನಮ್ಮ ನೆರೆಯ ತೆಲುಗು ರೈತನಿಗೂ ತಿಳಿಯುತ್ತದೆ. ತಮಿಳಿನವನಿಗೂ ಸ್ವಲ್ಪ ರೂಪಭೇದದಿಂದ ತಿಳಿಯುತ್ತದೆ. ಮಳೆಗೆ ಗಡಿಯಿಲ್ಲ. ೨೦೦೬ರ ತಮಿಳು ಕಲಿಕೆಯ ಕಾಯಿದೆಯ ಮೇಲೆ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ಕನ್ನಡ ಮಾಧ್ಯಮದ ಮಗು ತಮಿಳನ್ನೂ ಇಂಗ್ಲಿಷನ್ನೂ ಕನ್ನಡದೊಡನೆ ಹೊರಬೇಕಾಗಿದೆ. ಇಂಥ ಮಗುವಿಗೆ 'ನೀನು ಎಲ್ಲಿಯವನು?' ಎಂಬ ಪ್ರಶ್ನೆ ಬಹು ಬೇಗ ಎದುರಾಗುತ್ತದೆ. ರಾಜ್ಯದ ಹೆಸರು ಹೇಳಿದರೆ ಭಾಷೆ ಹೊಂದುವುದಿಲ್ಲ. ಭಾಷೆಯ ಹೆಸರು ಹೇಳಿದರೆ ರಾಜ್ಯ ಹೊಂದುವುದಿಲ್ಲ. ಆದರೆ ತನ್ನ ಹೊಲದ ಮಣ್ಣು, ತನ್ನ ಊರ ಕೆರೆಯ ಏರಿ, ತನ್ನ ಮನೆಯ ಹುಣಿಸೆಮರ ಇವನ್ನು ತನ್ನ ಭಾಷೆಯಲ್ಲಿ ಸರಿಯಾಗಿ ಹೆಸರಿಸಬಲ್ಲ ಮಗು ಆ ಪ್ರಶ್ನೆಗೆ ತಬ್ಬಿಬ್ಬಾಗುವುದಿಲ್ಲ. ತಾನು ಸೇರಿದ ಜಾಗ ಯಾವುದೆಂದು ಅದಕ್ಕೆ ಗೊತ್ತಿರುತ್ತದೆ. ಮೂರು ಸಾಲಿನ ಪದ್ಯದಿಂದ ಸೇರಿದವನೆಂಬ ಭಾವ ಹುಟ್ಟುವುದು ಹೀಗೆ. ಯಾವ ಪವಾಡವೂ ಇದರಲ್ಲಿಲ್ಲ; ಹೆಸರಿಟ್ಟು ಕರೆದದ್ದು ನಮ್ಮದಾಗುತ್ತದೆ.

ಒಂದು ಎಚ್ಚರಿಕೆ

ಕೃತಜ್ಞತೆಯ ಹೆಸರಿನಲ್ಲಿ ಕಣ್ಣು ಮುಚ್ಚಿಕೊಳ್ಳುವ ಅಪಾಯವೂ ಉಂಟು. ನಂದಿಬೆಟ್ಟದ ಪ್ರದೇಶದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರಿನ ಬಳಿ ಕೆಲವರಪಲ್ಲಿ ಜಲಾಶಯವನ್ನು ಸೇರುತ್ತದೆ. ಮುಂದೆ ಕೃಷ್ಣಗಿರಿ, ಸಾತನೂರುಗಳ ಮೂಲಕ ಹರಿದು ಕಡಲೂರಿನ ಬಳಿ ಸಮುದ್ರವನ್ನು ಕೂಡುತ್ತದೆ. ಬೆಂಗಳೂರಿನ ಕೊಳಚೆ ಸೇರಿದ ನೀರು ಕೆಲವರಪಲ್ಲಿಯ ತೂಬಿನಲ್ಲಿ ಬೆಳ್ಳಗೆ ನೊರೆಯಾಗಿ ಏಳುವುದನ್ನು ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡಿವೆ. ಆ ನೊರೆಯನ್ನು ನೋಡಿಯೂ ನದಿ ನಿರ್ಮಲವಾಗಿ ಹರಿಯುತ್ತಿದೆಯೆಂದು ಮಗು ಬರೆದರೆ ಅದು ಕವಿತೆಯೂ ಅಲ್ಲ, ಕೃತಜ್ಞತೆಯೂ ಅಲ್ಲ. ಪುಸ್ತಕದಿಂದ ಎರವಲು ತಂದ ಮಾತು. ನೊರೆಯನ್ನು ನೊರೆಯೆಂದೇ ಬರೆಯಬೇಕು. ಕಾರ್ಖಾನೆಯ ಗೋಡೆಯ ಬುಡದಲ್ಲಿ ತುಂಬೆ ಹೂ ಬಿಟ್ಟಿದ್ದರೆ ಗೋಡೆಯನ್ನೂ ಬರೆಯಬೇಕು, ತುಂಬೆಯನ್ನೂ ಬರೆಯಬೇಕು. ಇಸ್ಸನೂ ಶಿಕಿಯೂ ತಮ್ಮ ನೋವನ್ನು ಮರೆಮಾಡದೆಯೇ ಬರೆದವರು. ಉಪಕಾರವನ್ನು ನೆನೆಯುವವನಿಗೆ ಉಪಕಾರಿಗೆ ಆದ ಅಪಕಾರವೂ ಕಾಣಬೇಕು. ಹಾಗೆ ಕಂಡವನು ಮಾತ್ರ ನಾಳೆ ನದಿಯ ಪರವಾಗಿ ಮಾತನಾಡಬಲ್ಲನು.

ನಾವು ಮಾಡಬೇಕಾದುದು

ಈ ಚರ್ಚೆಯಿಂದ ಗಡಿಭಾಗದ ಉಪಾಧ್ಯಾಯರಾದ ನಮಗೆ ಮೂರು ಕೆಲಸಗಳು ಹೊಳೆಯುತ್ತವೆ. ಮೊದಲನೆಯದು, ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಬೇರಿಕೆಗಳ ಸುತ್ತಮುತ್ತಣ ಹಳ್ಳಿಗಳಲ್ಲಿ ರಾಗಿ ಬೀಸುವ ಪದಗಳನ್ನು ಬಲ್ಲ ಮುದುಕಿಯರು ಇನ್ನೂ ಇರುವಾಗಲೇ ಅವನ್ನು ಬರೆದುಕೊಳ್ಳುವುದು. ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಯಿತು. ಕಲ್ಲು ಅಂಗಳದ ಮೂಲೆ ಸೇರಿದೆ. ಪದ ಕೆಲವರ ನೆನಪಿನಲ್ಲಿ ಮಾತ್ರ ಉಳಿದಿದೆ. ಹಲಸಂಗಿಯ ಗೆಳೆಯರಲ್ಲಿದ್ದುದು ಕಾಗದ, ಲೇಖನಿ ಮತ್ತು ಶ್ರದ್ಧೆ. ಇಂದು ಪ್ರತಿಯೊಬ್ಬ ಉಪಾಧ್ಯಾಯನ ಕಿಸೆಯಲ್ಲಿಯೂ ಧ್ವನಿಮುದ್ರಣ ಮಾಡುವ ಫೋನು ಇದೆ. ಕೊರತೆ ಇರುವುದಾದರೆ ಶ್ರದ್ಧೆಗೆ ಮಾತ್ರ.

ಎರಡನೆಯದು, ಒಂದೊಂದು ಶಾಲೆ ತನ್ನ ಊರಿನ ಋತುಕೋಶವನ್ನು ಸಿದ್ಧಪಡಿಸುವುದು. ಮಕ್ಕಳು ತಾತ ಅಜ್ಜಿಯರನ್ನು ಕೇಳಿ ಮಳೆ, ಮಣ್ಣು, ಬೆಳೆ, ಹಕ್ಕಿ, ಹುಳು, ಹಬ್ಬಗಳ ಹೆಸರುಗಳನ್ನು ತರಲಿ. ಒಂದೇ ವಸ್ತುವಿಗೆ ಮನೆಯಲ್ಲಿ ತೆಲುಗಿನ ಹೆಸರು ಇದ್ದರೆ ಅದನ್ನೂ, ನೆರೆಮನೆಯಲ್ಲಿ ತಮಿಳಿನ ಹೆಸರು ಇದ್ದರೆ ಅದನ್ನೂ ಪಕ್ಕದಲ್ಲಿ ಬರೆದಿಡಲಿ. ಕನ್ನಡವನ್ನು ಉಳಿಸುವುದಕ್ಕೆ ನೆರೆಯ ಭಾಷೆಯನ್ನು ದೂರವಿಡಬೇಕಾದ ಅವಶ್ಯಕತೆ ಇಲ್ಲ. ಹೈಕುವಿನ ಸುದ್ದಿಯನ್ನು ದಕ್ಷಿಣ ಭಾರತಕ್ಕೆ ಮೊದಮೊದಲು ತಂದವರಲ್ಲಿ ತಮಿಳಿನ ಭಾರತಿ ಒಬ್ಬರೆಂಬುದನ್ನು ನಾವು ಈಗಾಗಲೇ ನೋಡಿದ್ದೇವೆ.

ಮೂರನೆಯದು, ತಿಂಗಳಿಗೊಮ್ಮೆ ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದುಕೊಂಡು ಹೋಗಿ, ಒಂದು ವಸ್ತುವನ್ನು ನೋಡಿ ಮೂರು ಸಾಲು ಬರೆಯಲು ಬಿಡುವುದು. 'ಧನ್ಯವಾದ', 'ಸುಂದರ', 'ಮನೋಹರ' ಎಂಬ ಶಬ್ದಗಳನ್ನು ಬರೆಯಬಾರದೆಂಬ ಒಂದೇ ನಿಯಮವಿದ್ದರೆ ಸಾಕು. ಸುಂದರವೆಂದು ಹೇಳುವುದಕ್ಕೆ ನೋಡಬೇಕಾದುದಿಲ್ಲ. ಎಲೆಯ ಯಾವ ಅಂಚಿನಲ್ಲಿ ಇರುವೆ ನಡೆಯುತ್ತಿತ್ತೆಂದು ಹೇಳುವುದಕ್ಕೆ ನೋಡಲೇಬೇಕು. ನೋಡುವುದೇ ವಂದನೆಯ ಮೊದಲ ಮೆಟ್ಟಿಲು. ಬರೆದುದು ಕಾವ್ಯವಾಯಿತೇ ಎಂಬುದು ಆಮೇಲಿನ ಮಾತು.

ಹೊಕ್ಕುವನ್ನು ಹೇಳುವವನು ಅತಿಥಿ ಎಂದು ಮೊದಲು ಹೇಳಿದೆ. ಬೀಸುವ ಕಲ್ಲಿನ ಮುಂದೆ ಕುಳಿತವಳು ಮನೆಯೊಡತಿ. ಒಬ್ಬನು ಬಂದವನಾಗಿ ವಂದಿಸುವನು, ಇನ್ನೊಬ್ಬಳು ಇರುವವಳಾಗಿ ವಂದಿಸುವಳು. ಗಡಿಯ ಕನ್ನಡಿಗನ ಸ್ಥಿತಿಯಲ್ಲಿ ಇವೆರಡೂ ಸೇರಿವೆ. ರಾಜ್ಯದ ಲೆಕ್ಕದಲ್ಲಿ ಅವನು ಅಲ್ಪಸಂಖ್ಯಾತನಾಗಿರಬಹುದು. ಮಣ್ಣಿನ ಲೆಕ್ಕದಲ್ಲಿ ಅವನು ಮನೆಯವನು. ಆರಿದ್ರೆಯ ಮೋಡ ಕವಿದಾಗ ಅದನ್ನು ಆರಿದ್ರೆಯೆಂದು ಗುರುತಿಸುವ ಮಕ್ಕಳು ಮೂಕಂಡಪಲ್ಲಿಯ ಕಡೆಯ ಶಾಲೆಗಳಲ್ಲಿ ಇರುವವರೆಗೂ ಆ ಲೆಕ್ಕ ತಪ್ಪಲಾರದು. ಅಂಥ ಮಕ್ಕಳನ್ನು ಬೆಳೆಸುವುದು ನಮ್ಮ ಕೈಯಲ್ಲಿದೆ.